ಇತರೆ ಖರ್ಚು

ಈ ವಾರ ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸು ಕಾಯುತ್ತಾ ನಿಂತಿದ್ದೆ. ಬಸ್ಸು ಎಂದಿನಂತೆ ಸೂಪರ್‌ಸ್ಟಾರ್ ಗತ್ತಿನಲ್ಲಿ ತಡ ಮಾಡುತ್ತಿತ್ತು. ಎದುರಿನ ಕಂಬಕ್ಕೆ ಒಂದು ಕಾಗದ ಅಂಟಿಸಿದ್ದರು. ಕಾಣೆಯಾಗಿದ್ದಾರೆ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ದುಂಡು ಮುಖ, ಕನ್ನಡ, ಮರಾಠಿ, ಕೊಂಕಣಿ ಮಾತನಾಡುತ್ತಾರೆ... ಈ ವಿವರಕ್ಕೆ ಸರಿಹೊಂದುವ ಗಂಡಸರು ಅಲ್ಲಿ ನಾನೂ ಸೇರಿ ಕನಿಷ್ಠ ಹತ್ತು ಮಂದಿ ನಿಂತಿದ್ದೆವು!

2016ರಲ್ಲಿ ಹೇಮಂತ್ ರಾವ್ ಇದೇ ಒಕ್ಕಣೆಯನ್ನೇ ಹೆಸರಾಗಿಟ್ಟು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ತೆಗೆದರಲ್ಲ, ನೀವೂ ನೋಡಿರುತ್ತೀರಿ. ಮರೆವಿನ ಕಾಯಿಲೆಯ ಅಪ್ಪನಾಗಿ ಅನಂತನಾಗ್, ಹುಡುಕುವ ಮಗನಾಗಿ ರಕ್ಷಿತ್ ಶೆಟ್ಟಿ. ಅಪ್ಪ ಎಂಥವನೆಂಬುದೇ ಮಗನಿಗೆ ಸರಿಯಾಗಿ ಗೊತ್ತಿಲ್ಲ ಎಂಬುದು ಆ ಚಿತ್ರದ ಸಂಕಟ. ಅದಕ್ಕೆ ಮುಂಚಿನ ನಮ್ಮ ಸಿನಿಮಾಗಳಲ್ಲಿ ಈ ರಗಳೆಯೇ ಇರಲಿಲ್ಲ ಬಿಡಿ. ಭುಜದ ಮೇಲೊಂದು ಮಚ್ಚೆ, ಕೊರಳಲ್ಲೊಂದು ತಾಯಿತ, ಅದೂ ಸಾಲದಿದ್ದರೆ ಬಾಲ್ಯದಲ್ಲಿ ಅಮ್ಮ ಹೇಳಿಕೊಟ್ಟ ಹಾಡು. ಹದಿನಾರನೇ ರೀಲಿನಲ್ಲಿ ಎಲ್ಲರೂ ಸಿಕ್ಕಿಬಿಡುತ್ತಿದ್ದರು. ನಿಜ ಜೀವನದಲ್ಲಿ ಮಚ್ಚೆ ನೋಡಿ ಯಾರೂ ಸಿಗುವುದಿಲ್ಲ ಸ್ವಾಮಿ. ಪಾಸ್ ಬುಕ್ಕು ನೋಡಿ ಸಿಗುತ್ತಾರೆ. ಇದನ್ನು ನಾನು ಕಲಿತದ್ದು ಮೌಳಂಗಿಯಲ್ಲಿ, ಹೈಸ್ಕೂಲು ಹುಡುಗನಾಗಿದ್ದಾಗ.

ಮೌಳಂಗಿ ಎಂದರೆ ಈಗ ನಿಮಗೆ ಕಾಳಿ ನದಿಯಲ್ಲಿ ಆಡಲು ಬರುವ ಪ್ರವಾಸಿಗರು ನೆನಪಾಗಬಹುದು. ನಾನು ಹೇಳುತ್ತಿರುವುದು ಅತ್ತ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಏಳುತ್ತಿದ್ದ ಕಾಲ. ನಮ್ಮ ಪಕ್ಕದ ಮನೆಯವರು ಬಿದಿರು ಕಡಿಸುವ ಮೇಸ್ತ್ರಿ. ಹೆಸರು ಬೇಡ, ಮೇಸ್ತ್ರಿ ಎಂದೇ ಇರಲಿ. ಒಂದು ದಿನ ಬೆಳಿಗ್ಗೆ ನದಿಗೆ ಹೋದವರು ತಿರುಗಿ ಬರಲಿಲ್ಲ. ದಂಡೆಯ ಮೇಲೆ ಅವರ ಚಪ್ಪಲಿ, ಟವೆಲ್ಲು. ದಾಂಡೇಲಿ ಕಡೆಯ ಕಾಳಿಯಲ್ಲಿ ಮೊಸಳೆ ಇರುವುದು ಎಲ್ಲರಿಗೂ ಗೊತ್ತು. ಮಧ್ಯಾಹ್ನದೊಳಗೆ ಊರು ತೀರ್ಪು ಕೊಟ್ಟಿತು, ಮೊಸಳೆ ಒಯ್ತು! ಸಂಜೆಗೆ ಅದನ್ನು ಕಣ್ಣಾರೆ ಕಂಡವರೂ ಇಬ್ಬರು ಹುಟ್ಟಿಕೊಂಡರು.

ಮೂರನೇ ದಿನ ಹಿರಿಯ ಹೆಂಗಸರು ಬಂದು ಬಳೆ ಒಡೆಯುವ ಮಾತು ತೆಗೆದರು. ವೈನಿ (ಮೇಸ್ತ್ರಿಯ ಹೆಂಡತಿಯನ್ನು ನಾನು ಹಾಗೇ ಕರೆಯುತ್ತಿದ್ದೆ) ಏನೂ ಹೇಳದೆ ಅವರನ್ನು ಕಳಿಸಿ, ರಾತ್ರಿ ಒಂದು ತಗಡಿನ ಟ್ರಂಕು ಹೊತ್ತು ನಮ್ಮ ಮನೆಗೆ ಬಂದಳು. ಅವಳಿಗೆ ಓದು ಬಾರದು.

“ತಮ್ಮಾ, ಇದರಾಗ ಏನೇನ್ ಬರದೈತಿ, ಒಂದೂ ಬಿಡದಂಗ ಓದು” ಅಂದಳು.

ಮೇಸ್ತ್ರಿ ಲೆಕ್ಕದ ಮನುಷ್ಯ. ಒಂದು ಕಿಸೆ ಪುಸ್ತಕದಲ್ಲಿ ಬೀಡಿ, ಚಹಾ, ಹಜಾಮತಿ, ದೇವರಿಗೆ ಹಾಕಿದ ನಾಲ್ಕಾಣೆ, ಎಲ್ಲ ಬರೆದಿಡುತ್ತಿದ್ದರು. ನಾನು ಓದುತ್ತಾ ಹೋದೆ. ಕೊನೆಯ ಮೂರು ತಿಂಗಳಲ್ಲಿ ಹೊಸದೊಂದು ಶಬ್ದ ಬಂದಿತ್ತು. ಇತರೆ 15. ಇತರೆ 20. ಇತರೆ 35.

“ಇತರೆ ಅಂದ್ರ ಏನೋ?”

ಹದಿನಾಲ್ಕು ವರ್ಷದ ಹುಡುಗ ನಾನು ಏನು ಹೇಳಲಿ? ಗೊತ್ತಿಲ್ಲ ವೈನಿ ಅಂದೆ. ಅಂಚೆ ಪಾಸ್ ಬುಕ್ಕಿನಲ್ಲಿ ಆ ಮೂರು ತಿಂಗಳು ಜಮಾ ಇಲ್ಲ. ಕೊನೆಗೆ ಎಲ್ಲ ತೆಗೆದು 5 ರೂಪಾಯಿ ಉಳಿಸಿದ್ದರು. ಕಿರಾಣಿ ಅಂಗಡಿಯ ಉದ್ರಿ ಪೂರ್ತಿ ಚುಕ್ತಾ, ಹೋಗುವ ಹಿಂದಿನ ದಿನ. ನಮ್ಮಪ್ಪ ನಿಟ್ಟುಸಿರು ಬಿಟ್ಟರು. ಸಾಲ ತೀರಿಸಿ ಹೊರಡುವವನು ದೂರದ ಊರಿಗೂ ಹೊರಟಿರಬಹುದು, ನದಿಯ ತಳಕ್ಕೂ ಹೊರಟಿರಬಹುದು. ಅಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ಆದರೆ ಹತ್ತು ದಿನ ಹಿಂದಿನ ಒಂದು ಸಾಲು ಇತ್ತು. ‘ಹಳಿಯಾಳ, ಚಪ್ಪಲಿ, 18 ರೂ.’

ವೈನಿ ಕೂಡಲೇ ಎದ್ದು ನಿಂತಳು. ನದಿ ದಂಡೆಯಲ್ಲಿ ಸಿಕ್ಕಿದ್ದು ಹಳೆಯ ಜೋಡು! ಹೊಸದು ಮನೆಯಲ್ಲೂ ಇರಲಿಲ್ಲ. “ಮೊಸಳಿ ಹೊಸಾ ಚಪ್ಪಲಿ ಹಾಕ್ಕೊಂಡ ಹೋತೇನ?” ಎಂದು ಕೇಳಿ ನಕ್ಕಳು. ಆ ನಗು ನನಗೆ ಇವತ್ತಿಗೂ ಮರೆತಿಲ್ಲ.

ಅವಳ ಕಥೆಯ ಉಳಿದದ್ದು ಆಮೇಲೆ. ನಡುವೆ ಬೆಂಗಳೂರಿಗೆ ಹೋಗಿ ಬರೋಣ. ಈ ಟ್ರಂಕಿನ ಪಾಠ ನನಗೆ ಅರ್ಥವಾದದ್ದು ವರ್ಷಗಳ ನಂತರ, ರಿಚ್ಮಂಡ್ ರಸ್ತೆಯ ಶಕೀರಾ ಖಲೀಲಿ ಪ್ರಕರಣ ಓದಿದಾಗ. ಮೌಳಂಗಿಯಲ್ಲಿ ಎಲ್ಲರೂ ಸತ್ತ ಅಂದರು, ದುಡ್ಡು ಮಾತ್ರ ಬದುಕಿದ್ದಾನೆ ಅಂದಿತು. ರಿಚ್ಮಂಡ್ ರಸ್ತೆಯಲ್ಲಿ ಇದು ತಿರುಗುಮುರುಗು.

ಶಕೀರಾ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು. ಗಂಡ ವಿದೇಶಾಂಗ ಸೇವೆಯ ಅಧಿಕಾರಿ, ನಾಲ್ಕು ಹೆಣ್ಣುಮಕ್ಕಳು, ಬೆಂಗಳೂರಿನ ನಟ್ಟನಡುವೆ ಬಂಗಲೆ, ಜಮೀನು. ಎಂಬತ್ತರ ದಶಕದಲ್ಲಿ ಮುರಳಿ ಮನೋಹರ ಮಿಶ್ರ ಎಂಬಾತ, ಸ್ವಾಮಿ ಶ್ರದ್ಧಾನಂದ ಎಂಬ ಹೆಸರಿನಲ್ಲಿ ಪರಿಚಯವಾದ. ಪರಿಚಯವಾದದ್ದು ಆಸ್ತಿಯ ಕಾನೂನು ತೊಡಕು ಬಿಡಿಸಿಕೊಡುವ ಮಾತಿನಿಂದ. ಗಮನಿಸಿ, ಪ್ರೇಮಕಥೆಯ ಮೊದಲ ದೃಶ್ಯದಲ್ಲೇ ಆಸ್ತಿ ಕಾಗದ! 1985ರಲ್ಲಿ ವಿಚ್ಛೇದನ, 1986ರ ಏಪ್ರಿಲ್‌ನಲ್ಲಿ ಈತನೊಂದಿಗೆ ಮದುವೆ. ಬಂಧುಗಳು ದೂರವಾದರು. ಆಕೆ ಅವನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಳು. ಬ್ಯಾಂಕಿನ ಖಾತೆ, ಲಾಕರು ಜಂಟಿಯಾದವು.

1991ರ ಬೇಸಿಗೆಯಲ್ಲಿ ಶಕೀರಾ ಕಾಣೆಯಾದಳು. ಊರಿಗೆ ಅದು ಗೊತ್ತೇ ಆಗಲಿಲ್ಲ. ಯಾಕೆಂದರೆ ಗಂಡ ಗಾಬರಿಯಾಗಲಿಲ್ಲ, ಪೊಲೀಸಿಗೆ ಹೇಳಲಿಲ್ಲ, ಕಂಬಕ್ಕೆ ಕಾಗದ ಅಂಟಿಸಲಿಲ್ಲ. ಗಾಬರಿಯಾದದ್ದು ಬೊಂಬಾಯಿಯಲ್ಲಿದ್ದ ಮಗಳು. ಅಪ್ಪನ ಕಡೆ ಉಳಿದರೂ ಅಮ್ಮನ ಜೊತೆ ಫೋನಿನ ನಂಟು ಬಿಟ್ಟಿರದ ಹುಡುಗಿ. ಅಮ್ಮ ಇಷ್ಟು ದಿನ ಮಾತಾಡದೆ ಇರುವವಳಲ್ಲ ಎಂಬುದು ಅವಳಿಗೆ ಗೊತ್ತು. ಕೇಳಿದರೆ ಸ್ವಾಮಿ ಒಂದೊಂದು ಸಲ ಒಂದೊಂದು ಊರು ಹೇಳಿದ. ಹೈದರಾಬಾದಿಗೆ ಹೋಗಿದ್ದಾಳೆ ಅಂದ. ಆಮೇಲೆ ಬಸುರಿ, ಅಮೆರಿಕದ ರೂಸ್ವೆಲ್ಟ್ ಆಸ್ಪತ್ರೆಯಲ್ಲಿದ್ದಾಳೆ ಅಂದ. ಮಗಳು ಅಲ್ಲಿಗೇ ವಿಚಾರಿಸಿದಳು, ಅಂಥ ಹೆಸರಿನವರು ಯಾರೂ ಇಲ್ಲ. ಲಂಡನ್ನು ಅಂದ. ಕಡೆಗೆ ಬೊಂಬಾಯಿಯಲ್ಲಿ ಅವನ ಬಳಿಯೇ ಅಮ್ಮನ ಪಾಸ್‌ಪೋರ್ಟು ಅವಳ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟು ಇಲ್ಲಿ, ಅಮ್ಮ ಅಲ್ಲಿ ಹೇಗೆ? 1992ರ ಜೂನ್‌ನಲ್ಲಿ ಅಶೋಕನಗರ ಠಾಣೆಗೆ ದೂರು ಹೋಯಿತು.

ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳಿ. ಅವಳನ್ನು ‘ಬದುಕಿಸಿ’ ಇಡಲು ಅವನು ಇಷ್ಟು ಪಾಡು ಯಾಕೆ ಪಟ್ಟ? ಹೃದಯಾಘಾತ ಅಂದಿದ್ದರೆ ಶವ ತೋರಿಸಬೇಕಾಗುತ್ತಿತ್ತು, ಅದು ಸರಿ. ಆದರೆ ಅದೊಂದೇ ಅಲ್ಲ. ಉಯಿಲಿಗೂ ಮುಖ್ತಿಯಾರು ಪತ್ರಕ್ಕೂ ಒಂದು ವ್ಯತ್ಯಾಸ ಇದೆ. ಉಯಿಲು ಬರೆದವರು ಸತ್ತ ಮೇಲೆ ಬಾಯಿ ಬಿಡುತ್ತದೆ. ಮುಖ್ತಿಯಾರು ಪತ್ರ, ಅಂದರೆ ಈ ಜಿಪಿಎ, ಕೊಟ್ಟವರ ಉಸಿರು ನಿಂತ ಗಳಿಗೆಗೇ ಸಾಮಾನ್ಯವಾಗಿ ಸತ್ತುಹೋಗುತ್ತದೆ. ಶಕೀರಾ ಸತ್ತಳು ಎಂದು ಜಗತ್ತಿಗೆ ತಿಳಿದರೆ ಆ ಕಾಗದದ ಮೇಲೆ ಒಂದಂಗುಲ ನೆಲ ಮಾರುವ ಹಾಗಿಲ್ಲ. ಆದ್ದರಿಂದಲೇ ಆಕೆ ಹೈದರಾಬಾದಿನಲ್ಲಿ, ನ್ಯೂಯಾರ್ಕಿನಲ್ಲಿ, ಲಂಡನ್ನಿನಲ್ಲಿ ಬದುಕುತ್ತಲೇ ಇರಬೇಕಾಯಿತು. ಅವನು ಆಸ್ತಿ ಮಾರುತ್ತಾ, ಅದೇ ಬಂಗಲೆಯಲ್ಲಿ ಪಾರ್ಟಿ ಕೊಡುತ್ತಾ ಇದ್ದ. ಅವಳ ದುಡ್ಡು ಓಡಾಡುತ್ತಿತ್ತು. ಅವಳು ಮಾತ್ರ ಎಲ್ಲೂ ಒಂದು ಸೀರೆ ಕೊಳ್ಳಲಿಲ್ಲ, ಒಂದು ಚೆಕ್ಕಿಗೆ ಸಹಿ ಹಾಕಲಿಲ್ಲ. ಬದುಕಿರುವ ಹೆಂಗಸು, ಅದೂ ಆ ಮನೆತನದವಳು, ವರ್ಷಗಟ್ಟಲೆ ಒಂದು ರೂಪಾಯಿಯೂ ಖರ್ಚು ಮಾಡದೆ ಇರುತ್ತಾಳೆಯೇ?

1994ರ ಮಾರ್ಚ್ ಕೊನೆಯಲ್ಲಿ ಅಪರಾಧ ವಿಭಾಗದ ಪೊಲೀಸರು ಅದೇ ಮನೆಯ ಅಂಗಳ ಅಗೆಸಿದರು. ಮರದ ಪೆಟ್ಟಿಗೆ, ಅದರೊಳಗೆ ಅಸ್ಥಿ. ಅಗೆದದ್ದನ್ನೆಲ್ಲ ವಿಡಿಯೋದಲ್ಲಿ ತೆಗೆದರು. ತಲೆಬುರುಡೆಯ ಮೇಲೆ ಫೋಟೋ ಹೊಂದಿಸಿ ನೋಡಿದರು, ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆಯೂ ಆಯಿತು. ಕೈಯ ಬಳೆ, ಉಂಗುರ ಗುರುತಿಸಿದ್ದು ಹೆತ್ತ ತಾಯಿ. ಆ ತಾಯಿಯ ಬಗ್ಗೆ ಬರೆಯಲು ನನ್ನ ಪೆನ್ನು ಮುಂದೆ ಹೋಗುವುದಿಲ್ಲ.

2005ರಲ್ಲಿ ಬೆಂಗಳೂರಿನ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು, ಅದೇ ವರ್ಷ ಹೈಕೋರ್ಟು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ 2007ರಲ್ಲಿ ಶಿಕ್ಷೆಯ ಬಗ್ಗೆ ಒಮ್ಮತ ಬರಲಿಲ್ಲ. 2008ರ ಜುಲೈ 22ರಂದು ಮೂವರ ಪೀಠ ಗಲ್ಲು ತಪ್ಪಿಸಿ, ಸಾಯುವ ತನಕ ಜೈಲು, ಶಿಕ್ಷೆ ಕಡಿತ ಇಲ್ಲ ಎಂದಿತು. 2023ರಲ್ಲಿ ‘ಡ್ಯಾನ್ಸಿಂಗ್ ಆನ್ ದಿ ಗ್ರೇವ್’ ಎಂದು ಇದರ ಸಾಕ್ಷ್ಯಚಿತ್ರ ಸರಣಿಯೂ ಬಂತು. ಗೋರಿ, ಕುಣಿತ, ಸ್ವಾಮಿಯ ವೇಷ, ಎಲ್ಲರಿಗೂ ನೆನಪಿರುವುದು ಅಷ್ಟೇ. ನನಗೆ ಮಾತ್ರ ಆ ಮುಖ್ತಿಯಾರು ಪತ್ರವೇ ಕಣ್ಣ ಮುಂದೆ ಬರುತ್ತದೆ.

ದುಡ್ಡಿನ ಸಾಕ್ಷಿ ಯಾವಾಗಲೂ ಪೂರ್ತಿ ಹೇಳುತ್ತದೆ ಅಂತಲ್ಲ. ಕಾಫಿ ಡೇ ಸಿದ್ಧಾರ್ಥ ಅವರದ್ದೇ ನೋಡಿ. 2019ರ ಜುಲೈ 29ರ ಸಂಜೆ ಉಳ್ಳಾಲದ ನೇತ್ರಾವತಿ ಸೇತುವೆ ಬಳಿ ಕಾರಿಳಿದರು. 31ರ ಬೆಳಿಗ್ಗೆ ಮೀನುಗಾರರಿಗೆ ದೇಹ ಸಿಕ್ಕಿತು. ಅವರದೆಂದು ಹೊರಬಂದ ಪತ್ರದಲ್ಲಿ ಸಾಲದ ಒತ್ತಡದ ಮಾತಿತ್ತು, ತನ್ನ ವ್ಯವಹಾರ ಯಾರಿಗೂ ಗೊತ್ತಿಲ್ಲ ಎಂಬ ಮಾತೂ ಇತ್ತು. ಒಂದು ವರ್ಷ ತನಿಖೆ ಮಾಡಿದ ಮೇಲೆ 2020ರ ಜುಲೈನಲ್ಲಿ ವರದಿ ಬಂತು. ಅವರ ಖಾಸಗಿ ಕಾಫಿ ಎಸ್ಟೇಟ್ ಸಂಸ್ಥೆಯಿಂದ ಕಂಪನಿಗೆ ಬರಬೇಕಾದ ಹೆಚ್ಚುವರಿ ಬಾಕಿ 2,693 ಕೋಟಿ ರೂಪಾಯಿ. ಅಷ್ಟು ದೊಡ್ಡ ಅಂಕಿ ಸಿಕ್ಕಿತು, ಸರಿ. ಆ ಸಂಜೆ ಸೇತುವೆಯ ಮೇಲೆ ನಡೆಯುತ್ತಿದ್ದ ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ಯಾವ ಆಡಿಟರಿಗೆ ಗೊತ್ತಾಗುತ್ತದೆ?

ಈಗ ಕಿಸೆ ಪುಸ್ತಕದ ಕೆಲಸವನ್ನು ಫೋನೇ ಮಾಡುತ್ತದೆ. ಚಹಾದ ಹತ್ತು ರೂಪಾಯಿಯನ್ನೂ ಸ್ಕ್ಯಾನು ಮಾಡಿ ಕೊಡುತ್ತೇವೆ, ಎಷ್ಟು ಗಂಟೆಗೆ ಎಲ್ಲಿ ಕುಡಿದೆವೆಂಬುದೂ ಅಲ್ಲೇ ಕೂತಿರುತ್ತದೆ. ಆದರೂ ನಮ್ಮ ಮನೆಯವರ ‘ಇತರೆ’ ಏನೆಂದು ನಮಗೆ ಗೊತ್ತಿದೆಯೇ? ಬಸ್ ಸ್ಟ್ಯಾಂಡಿನ ಕಾಗದ ನೋಡಿ ನನ್ನ ಹೆಂಡತಿಗೆ ಇದನ್ನೇ ಕೇಳಿದೆ. “ನಿಮ್ಮ ಇತರೆ ಎಲ್ಲಾ ಆ ಟಾಕೀಸಿನವನ ಹತ್ರ ಹೋಗೈತಿ, ನನಗೇನ್ ಗೊತ್ತಿಲ್ಲೇನು?” ಅಂದಳು. ಪಾಸಾದೆ.

ಇನ್ನು ವೈನಿಯ ಕಥೆ. ಬಳೆ ಒಡೆಯಲು ಅವಳು ಒಪ್ಪಲಿಲ್ಲ. ಶವ ಸಿಗದವರ ವಿಷಯದಲ್ಲಿ ಕಾನೂನು ಏಳು ವರ್ಷ ಕಾಯುತ್ತದೆ. ಊರು ಏಳು ದಿನವೂ ಕಾಯಲಿಲ್ಲ. ಗಂಡ ಸತ್ತರೂ ಕುಂಕುಮ ಇಡುವವಳು ಅಂದರು. ಚಪ್ಪಲಿಯ ಮಾತು ಹೊರಗೆ ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆದರೆ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಗಂಡನನ್ನು ಮೊಸಳೆ ತಿಂದಿತು ಎಂಬುದಕ್ಕಿಂತ ಗಂಡ ಬಿಟ್ಟು ಹೋದ ಎಂಬುದು ಅವಳಿಗೆ ದೊಡ್ಡ ಅವಮಾನ. ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕಿದಳು. ಇವತ್ತು ಅವಳಿಲ್ಲ, ಮಕ್ಕಳು ಊರು ಬಿಟ್ಟು ಬಹಳ ವರ್ಷವಾಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ಒಂಬತ್ತು ತಿಂಗಳಾದ ಮೇಲೆ ಪೋಸ್ಟ್‌ಮ್ಯಾನ್ ಒಂದು ಮನಿಯಾರ್ಡರು ತಂದರು. ಗೋವಾ ಕಡೆಯ ಮೊಹರು. 60 ರೂಪಾಯಿ. ಕಳಿಸಿದವರ ಹೆಸರು ಬೇರೆ. ಕೆಳಗಿನ ಚೀಟಿಯಲ್ಲಿ ಸುದ್ದಿ ಬರೆಯುವ ಜಾಗ ಖಾಲಿ. ವೈನಿ ನನ್ನನ್ನು ಕರೆದು ಅಂಕಿ ತೋರಿಸಿದಳು. ಓದು ಬಾರದಿದ್ದರೂ ಅಂಕಿಯ ಕೆಳಗೆ ಎಳೆದ ಎರಡು ಗೆರೆ ಅವಳಿಗೆ ಗೊತ್ತಿತ್ತು. ಕಿಸೆ ಪುಸ್ತಕದ ತುಂಬ ಅದೇ ಎರಡು ಗೆರೆ. ಮೇಸ್ತ್ರಿ ತಿಂಗಳಿಗೆ ಮನೆ ಖರ್ಚಿಗೆಂದು ಅವಳ ಕೈಗೆ ಕೊಡುತ್ತಿದ್ದದ್ದೂ ಸರಿಯಾಗಿ 60 ರೂಪಾಯಿ.

ಮನೆಯಲ್ಲಿ ಆ ದಿನ ಅಕ್ಕಿ ಇರಲಿಲ್ಲ. ಅದು ನಮ್ಮಮ್ಮನಿಗೆ ಗೊತ್ತಿತ್ತು, ಬಾಗಿಲಲ್ಲಿ ನಿಂತು “ತಗೋಳವ್ವಾ” ಎಂದು ಕೈಸನ್ನೆ ಮಾಡುತ್ತಿದ್ದಳು.

“ಈ ಹೆಸರಿನವರು ನಮಗ್ಯಾರೂ ಇಲ್ರಿ. ವಾಪಸ್ ಕಳಸ್ರಿ” ಅಂದಳು ವೈನಿ.

ಪೋಸ್ಟ್‌ಮ್ಯಾನ್ ಸೈಕಲ್ಲು ತಿರುವಿದ ಮೇಲೆ ಒಳಗಿನಿಂದ ಆ ಕಿಸೆ ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು. ಮೇಸ್ತ್ರಿ ಬರೆದ ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಇತ್ತು.

“ಬರಿ ತಮ್ಮಾ. ಇತರೆ 60, ವಾಪಸ್. ತಳಕ್ಕ ಎರಡ್ ಗೆರಿ ಎಳಿ.”

ಎಳೆದೆ.