ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ

ಇಂಡಿಯಾ ಗೇಟಿನ ಸಮೀಪದ ಧ್ಯಾನ್‌ಚಂದ್ ರಾಷ್ಟ್ರೀಯ ಕ್ರೀಡಾಂಗಣದ ಪಕ್ಕದಲ್ಲಿ ಹಾದುಹೋಗುವಾಗ ದೆಹಲಿಯ ಕನ್ನಡಿಗರಾದ ನಮಗೆ ಎರಡು ಸೋಲುಗಳು ನೆನಪಾಗುತ್ತವೆ. 1982ರ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದೆದುರು 7-1. 2010ರ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದೆದುರು 8-0. ಮೊದಲನೆಯದರ ಪಾಪವೆಲ್ಲ ಗೋಲ್‌ಕೀಪರ್ ಮೀರ್ ರಂಜನ್ ನೇಗಿಯ ತಲೆಗೆ ಬಂತು. ಎರಡನೆಯದಾದ ಮೇಲೆ ವರ್ಷ ಮುಗಿಯುವುದರೊಳಗೆ ಸ್ಪೇನಿನ ಕೋಚ್ ಹೋಸೆ ಬ್ರಾಸಾ ಅವರ ಅಧ್ಯಾಯ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಹಾಕಿ ನೋಡಿ ಕಟ್ಟಿದ್ದಲ್ಲ. ಆದರೆ ಭಾರತೀಯ ಹಾಕಿ ತಂಡದ ಮುಖ್ಯ ಕೋಚ್‌ಗಳ ಚರಿತ್ರೆಗೆ ಅದಕ್ಕಿಂತ ಒಪ್ಪುವ ಶೀರ್ಷಿಕೆ ಸಿಗಲಾರದು.

ಈ ಚರಿತ್ರೆಯನ್ನು ಕೋಚ್‌ಗಳ ವೈಫಲ್ಯದ ಪಟ್ಟಿಯೆಂದು ಓದುವುದು ವಾಡಿಕೆ. ನಾವು ಅದನ್ನು ಒಪ್ಪುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದು ನೇಮಿಸುವವರು ತಮ್ಮ ಹೊಣೆಯಿಂದ ನುಣುಚಿಕೊಂಡ ಕಥೆ.

ಸೋತವರನ್ನು ಮಾತ್ರ ತೆಗೆದಿದ್ದರೆ ನಮ್ಮ ಮಾತು ಬಿದ್ದುಹೋಗುತ್ತಿತ್ತು. 1998ರಲ್ಲಿ ಬ್ಯಾಂಕಾಕ್‌ನಲ್ಲಿ ಎಂ.ಕೆ. ಕೌಶಿಕ್ ಅವರ ತಂಡ 32 ವರ್ಷಗಳ ಬರ ನೀಗಿಸಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದಿತು. ಅದಕ್ಕೆ ಸಿಕ್ಕ ಬಹುಮಾನವೆಂದರೆ ಕೌಶಿಕ್ ಅವರಿಗೂ ಧನರಾಜ್ ಪಿಳ್ಳೈ ಸೇರಿ ಆರು ಹಿರಿಯ ಆಟಗಾರರಿಗೂ ಬಾಗಿಲು ತೋರಿಸಿದ್ದು. 2002ರ ಕ್ವಾಲಾಲಂಪುರ ವಿಶ್ವಕಪ್‌ನಲ್ಲಿ ಟೂರ್ನಿ ನಡೆಯುತ್ತಿರುವಾಗಲೇ ಸೆಡ್ರಿಕ್ ಡಿಸೋಜಾ ಅವರನ್ನು ಕೆಳಗಿಳಿಸಲಾಯಿತು. 2004ರ ಅಥೆನ್ಸ್ ಒಲಿಂಪಿಕ್ಸ್ ಹೊಸ್ತಿಲಲ್ಲಿದ್ದಾಗ ರಾಜಿಂದರ್ ಸಿಂಗ್ ಅವರನ್ನು ಬದಲಿಸಿ ಜರ್ಮನಿಯ ಗೆರ್ಹಾರ್ಡ್ ರಾಖ್ ಅವರನ್ನು ಕರೆತಂದರು. ತಂಡ ಏಳನೆಯ ಸ್ಥಾನಕ್ಕೆ ನಿಂತಿತು. 2008ರ ಮಾರ್ಚಿನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಬ್ರಿಟನ್ನಿಗೆ ಸೋತು, ಎಂಟು ದಶಕಗಳಲ್ಲಿ ಮೊದಲ ಬಾರಿಗೆ ಭಾರತ ಒಲಿಂಪಿಕ್ಸ್ ಹಾಕಿಯಿಂದ ಹೊರಗುಳಿಯಿತು. ಕೋಚ್ ಜೋಕಿಂ ಕಾರ್ವಾಲೊ ರಾಜೀನಾಮೆ ಕೊಟ್ಟರು. ಇಷ್ಟೆಲ್ಲ ನಡೆದ ಅವಧಿಯಲ್ಲಿ, 1994ರಿಂದ 2008ರವರೆಗೆ, ಹಾಕಿ ಫೆಡರೇಶನ್ನಿನ ಅಧ್ಯಕ್ಷರು ಒಬ್ಬರೇ: ಕೆ.ಪಿ.ಎಸ್. ಗಿಲ್. ಬದಲಾವಣೆ ಅಷ್ಟು ಅಗತ್ಯವಾಗಿದ್ದರೆ ಅದು ಮೈದಾನದ ಅಂಚಿನಲ್ಲೇ ಏಕೆ ನಿಂತುಬಿಟ್ಟಿತು?

ಫೆಡರೇಶನ್ ಹೋಗಿ ಹಾಕಿ ಇಂಡಿಯಾ ಬಂದ ಮೇಲೂ ಚಾಳಿ ಬಿಡಲಿಲ್ಲ. 2009ರಿಂದ 2019ರ ಆರಂಭದವರೆಗೆ ಬ್ರಾಸಾ, ಮೈಕೆಲ್ ನಾಬ್ಸ್, ಟೆರ್ರಿ ವಾಲ್ಶ್, ಪಾಲ್ ವಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನ್, ಹರೇಂದ್ರ ಸಿಂಗ್: ಹತ್ತು ವರ್ಷಗಳಲ್ಲಿ ಏಳು ಮಂದಿ. ವಾಲ್ಶ್ 2014ರಲ್ಲಿ ಇಂಚಿಯಾನ್‌ನಲ್ಲಿ ಏಷ್ಯನ್ ಚಿನ್ನ ಗೆಲ್ಲಿಸಿದ ಕೆಲವೇ ವಾರಗಳಲ್ಲಿ, ಇಲ್ಲಿನ ಕ್ರೀಡಾ ಅಧಿಕಾರಶಾಹಿ ನಿರ್ಧಾರ ಕೈಗೊಳ್ಳುವ ರೀತಿಗೆ ಹೊಂದಿಕೊಳ್ಳಲಾರೆನೆಂದು ರಾಜೀನಾಮೆ ಕೊಟ್ಟರು. ವಾನ್ ಆಸ್ ಉಳಿದದ್ದು ಆರು ತಿಂಗಳ ಆಸುಪಾಸು. ಇನ್ನು 2018ರ ಮೇ ತಿಂಗಳಲ್ಲಿ ನಡೆದದ್ದನ್ನು ಏನೆಂದು ಕರೆಯೋಣ? ಪುರುಷರ ತಂಡದ ಮರೈನ್ ಅವರನ್ನು ಮಹಿಳಾ ತಂಡಕ್ಕೂ, ಮಹಿಳಾ ತಂಡದ ಹರೇಂದ್ರ ಅವರನ್ನು ಪುರುಷರ ತಂಡಕ್ಕೂ, ಎರಡು ಮೇಜುಗಳ ಗುಮಾಸ್ತರನ್ನು ಅದಲುಬದಲು ಮಾಡಿದಂತೆ ಬದಲಿಸಿದರು. 2016ರಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಗೆಲ್ಲಿಸಿದ್ದ ಹರೇಂದ್ರ ಅವರಿಗೂ ಹಿರಿಯರ ತಂಡದಲ್ಲಿ ದಕ್ಕಿದ್ದು ಒಂದು ವರ್ಷವೂ ಅಲ್ಲ.

ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಈ ವಿಧಾನ ಅಪರಿಚಿತವಲ್ಲ. ಸೇತುವೆ ಕುಸಿದರೆ ಇಂಜಿನಿಯರರ ವರ್ಗಾವಣೆಯಾಗುತ್ತದೆ. ಸೇತುವೆ ಕಟ್ಟಿಸುವ ಕ್ರಮ ಹಾಗೆಯೇ ಉಳಿಯುತ್ತದೆ. ವರ್ಗಾವಣೆಯ ಆದೇಶಕ್ಕೆ ಒಂದು ಗುಣವಿದೆ: ಏನೋ ನಡೆಯಿತೆಂಬ ಸದ್ದು ಮಾಡುತ್ತದೆ, ಏನೂ ನಡೆಯದಂತೆ ಕಾಯುತ್ತದೆ.

ಇದರ ಬೆಲೆ ತೆತ್ತವರು ಯಾರು? ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ನೆನೆಯೋಣ. 2007ರಲ್ಲಿ ಭಾರತ ತಂಡ ಸೇರಿದ ಅವರು 2021ರಲ್ಲಿ ನಿವೃತ್ತರಾದರು. ಆ ಅವಧಿಯಲ್ಲಿ ತಂಡಕ್ಕೆ ಬಂದ ಮುಖ್ಯ ಕೋಚ್‌ಗಳು ಕನಿಷ್ಠ ಒಂಬತ್ತು ಮಂದಿ. ಒಬ್ಬರು ಸ್ಪೇನಿನ ಶಿಸ್ತು ತಂದರು, ಇನ್ನೊಬ್ಬರು ಆಸ್ಟ್ರೇಲಿಯಾದ ದಾಳಿ, ಮತ್ತೊಬ್ಬರು ಡಚ್ಚರ ಲೆಕ್ಕಾಚಾರ. ಪ್ರತಿ ಸಲವೂ ಆಟಗಾರ ಹಳೆಯ ಪಾಠ ಅಳಿಸಿ ಹೊಸದಾಗಿ ಓಂನಾಮ ಬರೆಯಬೇಕು. ಮಕ್ಕಳ ಶಾಲೆಯಲ್ಲಿ ಮೇಷ್ಟರು ಹೀಗೆ ಬದಲಾದರೆ ನಾವು ಹೆಡ್‌ಮಾಸ್ತರರ ಕೋಣೆಗೆ ನುಗ್ಗಿರುತ್ತಿದ್ದೆವು. ಬೆವರು ಸುರಿಯುವ ಶಿಬಿರ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಅಂಗಳದಲ್ಲಿ. ಆ ಬೆವರಿನ ಭವಿಷ್ಯ ಬರೆಯುವ ಲೇಖನಿ ಇಲ್ಲಿ, ದೆಹಲಿಯಲ್ಲಿ.

ನಮ್ಮೆದುರು ವಾದವೊಂದುಂಟು: ಫಲಿತಾಂಶ ಕೊಡದವರನ್ನು ಇಟ್ಟುಕೊಳ್ಳುವುದೇ? ಬೇಡ. 2012ರ ಲಂಡನ್ನಿನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾದ ಮೇಲೆ ಪ್ರಶ್ನೆ ಕೇಳುವುದು ನ್ಯಾಯವೇ. ತಾಳ್ಮೆ ಎಂದರೆ ಜಡತೆಯಲ್ಲ. ಆದರೆ ತಾಳ್ಮೆಯ ಫಲವನ್ನೂ ನೋಡಬೇಕು. 2019ರಲ್ಲಿ ಬಂದ ಗ್ರಹಾಂ ರೀಡ್ ಅವರಿಗೆ ಸುಮಾರು ನಾಲ್ಕು ವರ್ಷ ಸಿಕ್ಕಿತು. ಕೋವಿಡ್ ಕಾಲದಲ್ಲಿ ತಂಡ ತಿಂಗಳುಗಟ್ಟಲೆ ಬೆಂಗಳೂರಿನಲ್ಲೇ ಉಳಿಯಿತು. 2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಮಣಿಸಿ, 41 ವರ್ಷಗಳ ಬಳಿಕ ಒಲಿಂಪಿಕ್ಸ್ ಪದಕ ಗೆದ್ದಿತು.

2023ರ ವಿಶ್ವಕಪ್ ಸೋಲಿನ ನಂತರ ರೀಡ್ ಹೋದರು, ಕ್ರೇಗ್ ಫುಲ್ಟನ್ ಬಂದರು, ಮರುವರ್ಷ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಬಂತು; ಬದಲಾವಣೆ ಫಲಿಸಲಿಲ್ಲವೇ ಎನ್ನುವವರಿದ್ದಾರೆ. ಫಲಿಸಿತು. ಆದರೆ ಫುಲ್ಟನ್ ಕೈಗೆ ಸಿಕ್ಕ ತಂಡದ ತಿರುಳು ರೀಡ್ ಬೆಳೆಸಿದ್ದು. ಸ್ವತಃ ಫುಲ್ಟನ್ ಪಳಗಿದ್ದು ಬೆಲ್ಜಿಯಂ ತಂಡದ ಸಹಾಯಕ ಕೋಚ್ ಆಗಿ. ಆ ತಂಡವನ್ನು ಶೇನ್ ಮೆಕ್‌ಲಿಯೋಡ್ ಒಬ್ಬರೇ ರಿಯೋದ ಬೆಳ್ಳಿಯಿಂದ ಟೋಕಿಯೋದ ಚಿನ್ನದವರೆಗೆ ನಡೆಸಿದ್ದರು. ಅಂದರೆ ಬೇರೊಂದು ದೇಶ ತಾಳ್ಮೆಯಿಂದ ಬೆಳೆದ ಫಲವನ್ನು ನಾವು ಕೊಂಡು ತಂದೆವು. ಆಸ್ಟ್ರೇಲಿಯಾದ ಮಹಿಳೆಯರಿಗೆ ಎರಡು ಒಲಿಂಪಿಕ್ಸ್ ಚಿನ್ನ ಗೆಲ್ಲಿಸಿದ ರಿಕ್ ಚಾರ್ಲ್ಸ್‌ವರ್ತ್ ಕೂಡ ನಮ್ಮಲ್ಲಿಗೆ ಬಂದಿದ್ದರು. 2008ರಲ್ಲಿ, ಕೆಲವೇ ತಿಂಗಳ ನಂತರ, ಹೊರಟುಹೋದರು. ಬೀಜ ಕೆಟ್ಟದ್ದೆನ್ನುವ ಮುನ್ನ ನೆಲವನ್ನೊಮ್ಮೆ ನೋಡಿಕೊಳ್ಳಬಾರದೇ?

ನಾವು ಕೇಳುವುದು ಕರುಣೆಯನ್ನಲ್ಲ, ಲೆಕ್ಕವನ್ನು. ಕೋಚ್‌ನ ಅವಧಿ ಒಂದು ಒಲಿಂಪಿಕ್ಸ್‌ನಿಂದ ಇನ್ನೊಂದರವರೆಗೆ ಇರಲಿ. ನಡುವೆ ತೆಗೆಯಬೇಕಾದರೆ ಕಾರಣವನ್ನು ಬರೆದು ಪ್ರಕಟಿಸಲಿ. ಆ ಕೋಚ್ ಕೇಳಿದ್ದೇನು, ಹಾಕಿ ಇಂಡಿಯಾ, ಕ್ರೀಡಾ ಪ್ರಾಧಿಕಾರ, ಸಚಿವಾಲಯ ಎಂಬ ಮೂರು ಬಾಗಿಲುಗಳಲ್ಲಿ ಒದಗಿಸಿದ್ದೇನು ಎಂಬುದೂ ಅದೇ ಹಾಳೆಯಲ್ಲಿರಲಿ. ನೇಮಕ ತಪ್ಪಾಗಿದ್ದರೆ ನೇಮಿಸಿದವರ ಹೆಸರೂ ಇರಲಿ.

ಮ್ಯೂನಿಕ್‌ನಲ್ಲಿ 1972ರ ಕಂಚು ಗೆದ್ದ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಇದ್ದರು. ಆ ಬಳಿಕ ಸತತ ಎರಡು ಒಲಿಂಪಿಕ್ಸ್‌ಗಳಲ್ಲಿ ಹಾಕಿ ಪದಕ ಕಾಣಲು ದೇಶ ಪ್ಯಾರಿಸ್‌ವರೆಗೆ, 52 ವರ್ಷ ಕಾಯಬೇಕಾಯಿತು. ಮುಂದಿನ ಸೋಲು ಬಂದೇ ಬರುತ್ತದೆ. ಆಟವೆಂದ ಮೇಲೆ ಸೋಲಿದೆ. ಅಂದು ದೆಹಲಿಯಲ್ಲಿ ಬರೆ ಹಾಕಲು ಕಬ್ಬಿಣ ಕಾಯಿಸುವವರು, ಜ್ವರ ಬಂದದ್ದು ಯಾರಿಗೆಂದು ಮೊದಲು ಮುಟ್ಟಿ ನೋಡಲಿ.