ಸ್ಪಾಕ್ಕ ಕಳಸೂ ಮುಂಚೆ ಒಂದ ಮಾತು

ಮದುವಿ ಸೀಸನ್ ಬಂತಂದ್ರ ನಮ್ಮ ಓಣ್ಯಾಗ ಸ್ಪಾದ ಮಾತು ಭಾಳ. ಹೋಗೂದಕ್ಕ ನನ್ನ ತಕರಾರಿಲ್ಲ. ಆದ್ರ ಸೋರಿಯಾಸಿಸ್, ಇಸುಬು ಇದ್ದ ಹುಡುಗ್ಯಾರಿಗೆ "ಡೆಡ್ ಸೀ ಮಣ್ಣು ಹಚ್ಚಸ್ಕೋ, ನ್ಯಾಚುರಲ್ ಅದ, ಡಾಕ್ಟರ ಮುಲಾಮು ಬಿಟ್ಟಬಿಡು" ಅಂತ ಹೇಳಿ ಕಳಸ್ತೀವಲ್ಲ, ಅದು ನನಗ ಸೇರೂದಿಲ್ಲ.

ಡೆಡ್ ಸೀ ಅಂದ್ರ ಇಸ್ರೇಲ್, ಜೋರ್ಡಾನ್ ನಡುವಿನ ಉಪ್ಪಿನ ಸರೋವರ. ದಂಡಿ ಸಮುದ್ರಮಟ್ಟಕ್ಕಿಂತ 430 ಮೀಟರಿನಷ್ಟು ಕೆಳಗ. ನೀರು ಸಮುದ್ರಕ್ಕಿಂತ ಹತ್ತು ಪಟ್ಟು ಉಪ್ಪು. ಅಲ್ಲಿ ನಾಕ ವಾರ ಇದ್ದು ಬಂದ ಸೋರಿಯಾಸಿಸ್‌ನವರಿಗೆ ಭಾಳ ಮಂದಿಗೆ ಚರ್ಮ ತಿಳಿ ಆಗ್ತದ, ಅದು ಖರೆ. ಆದ್ರ ಅವರು ಬರೇ ನೀರಾಗ ಕೂತು ಬರೂದಿಲ್ಲ. ಡಾಕ್ಟರ್ ಹೇಳಿದಷ್ಟು ನಿಮಿಷ ದಿನಾ ಬಿಸಲಿಗೆ ಮೈ ಒಡ್ಡತಾರ. ಅಷ್ಟು ತಗ್ಗಿನ್ಯಾಗ ಗಾಳಿ ಪದರ ದಪ್ಪ ಇರ್ತದ, ಸುಡೂ ಕಿರಣ ಒಂದಿಷ್ಟು ಸೋಸಿ ಬರ್ತಾವ. ದೊಡ್ಡ ಕೆಲಸ ಆ ಬಿಸಲಿಂದು, ನೀರು ಹೊಟ್ಟನ್ನ ಮೆತ್ತಗ ಮಾಡ್ತದ. ಅಷ್ಟಾದ್ರೂ ಕೆಲವು ತಿಂಗಳಿಗೆ ಕಲೆ ತಿರುಗಿ ಬರೂದು ಸಾಮಾನ್ಯ. ಹಂಗಿದ್ದ ಮ್ಯಾಲೆ ನಮ್ಮೂರ ಏಸಿ ಖೋಲ್ಯಾಗ ಅರ್ಧಾ ತಾಸು ಮಣ್ಣು ಮೆತ್ತಿದ್ರ ಏನಾಗಬೇಕು? ಕಿರಣದ ಚಿಕಿತ್ಸೆನ ಬೇಕಂದ್ರ ದೊಡ್ಡ ಆಸ್ಪತ್ರ್ಯಾಗ ಚರ್ಮದ ಡಾಕ್ಟರ್ ಕೊಡ್ತಾರ, ಫೋಟೋಥೆರಪಿ ಅಂತ, ವಾರಕ್ಕ ಎರಡು-ಮೂರು ಸಲ.

ಇನ್ನ ಮಾಲಿನ ಮೀನಿನ ತೊಟ್ಟಿ. ಇದರ ಮೂಲ ಟರ್ಕಿಯ ಕಂಗಾಲ್ (ಊರಿನ ಹೆಸರು ರೀ, ನಗಬ್ಯಾಡ್ರಿ). ಅಲ್ಲಿ ಬಿಸಿನೀರಿನ ಬುಗ್ಗೆ, ನೀರು ಹರೀತಿರ್ತದ, ಮೀನು ಸತ್ತ ಚರ್ಮ ತಿಂತಾವ. ಇಲ್ಲಿ ಊರ ಮಂದಿ ಕಾಲೆಲ್ಲಾ ಒಂದ ತೊಟ್ಟ್ಯಾಗ. ಚರ್ಮ ಒಡೆದವರು, ಸಕ್ಕರಿ ಕಾಯಿಲೆಯವರು ಅದರಾಗ ಕಾಲಿಟ್ರ ಸೋಂಕು ತಗೊಂಡ ಬರಬೇಕಷ್ಟ.

ಸ್ಕ್ರಬ್ ಅಂತೂ ಬ್ಯಾಡೇ ಬ್ಯಾಡ. ಸೋರಿಯಾಸಿಸ್ ಇದ್ದವರಿಗೆ ತಿಕ್ಕಿ ಗಾಯ ಆದಲ್ಲೇ ಹೊಸಾ ಕಲೆ ಏಳ್ತಾವ. ಸ್ಟಿರಾಯ್ಡ್ ಗುಳಿಗಿ ತಗೊಳ್ಳೋರು ಒಮ್ಮೆಲೇ ಬಿಟ್ರ ರೋಗ ಉಕ್ಕಿ ಬರ್ತದ. ಹಂಗ ಬಿಡಿಸಿ ಕಳಸೂದು ಯಾವ ನ್ಯಾಚುರಲ್?

ಮನ್ಯಾಗ ಮಾಡೂದು ಭಾಳ ಏನಿಲ್ಲ. ಹಂಡೆದ ಸುಡು ನೀರು ಬಿಟ್ಟು ಉಗುರುಬೆಚ್ಚಗಿನ ನೀರಾಗ ಹತ್ತು ನಿಮಿಷದ ಸ್ನಾನ. ಟವೆಲ್ಲಿಂದ ತಿಕ್ಕದೆ ಒತ್ತಿ ಒರಸಿ, ಮೈ ಹಸಿ ಇದ್ದಾಗನ ಕೊಬ್ಬರಿ ಎಣ್ಣಿನೋ ವ್ಯಾಸಲಿನ್ನೋ ಹಚ್ಚೂದು. ಡಾಕ್ಟರ ಮುಲಾಮು ಅವರು ಹೇಳಿದಂಗ.

ಮತ್ತ, ಈ ಹುಡುಗ್ಯಾರಿಗೆ ಸ್ಪಾದ ಅವಸರ ಯಾಕ ಅಂತ ವಿಚಾರ ಮಾಡೀರೇನು? ಸೋರಿಯಾಸಿಸ್ ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಅಲ್ಲ. ಆದ್ರೂ ಅರಿಷಿಣ-ಕುಂಕುಮ ಕೊಡೂವಾಗ ಅವರ ಮೊಣಕೈ ನೋಡಿ ನಮ್ಮಲ್ಲೇ ಕೆಲವರು ಕೈ ಹಿಂದ ತಗೋತಾರ, "ಇನ್ನೂ ಹೋಗಿಲ್ಲೇನು?" ಅಂತ ಎಲ್ಲಾರ ಮುಂದ ಕೇಳ್ತಾರ. ಈ ಸಲ ಶ್ರಾವಣದಾಗ ಅದನ್ನೊಂದು ಬಿಡೋಣ್ರಿ ವೈನಿ, ಅಕ್ಕಾ. ಕೈ ಹಿಡಿದ ಅರಿಷಿಣ ಹಚ್ಚೋಣ.