ಗುಂಗುರು ಕೂದಲು ದೋಷವಲ್ಲ

ಅಹಮದಾಬಾದಿನ ಹೆಮ್ಮೆಯ ಗುರುತು ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲರಿ. 1572–73ರಲ್ಲಿ ಆ ಮಸೀದಿ ಕಟ್ಟಿಸಿದ ಸಿದಿ ಸಯ್ಯದ್ ಆಫ್ರಿಕಾ ಮೂಲದವರು. ಜಾಲರಿಯಲ್ಲಿ ಸುತ್ತಿ ಬಳುಕುವ ಕೊಂಬೆಗಳನ್ನು ಕೊಂಡಾಡುವ ಊರಲ್ಲೇ, ಗುಂಗುರು ಕೂದಲ ಹುಡುಗಿಗೆ ಸಲೂನಿನಲ್ಲಿ ಮೊದಲು ಸಿಗುವ ಸಲಹೆ: ‘ನೇರ ಮಾಡಿಸಿಬಿಡಿ.’ ವಡೋದರಾ, ಸೂರತ್‌ಗಳಲ್ಲೂ ಅದೇ ಮಾತು. ಆಫ್ರಿಕಾ ಮೂಲದವರೇ ಆದ ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳಿಗಂತೂ ಕೂದಲಿನ ಹೆಸರಲ್ಲಿ ಗೇಲಿ ತಪ್ಪಿದ್ದಲ್ಲ.

ಗುಂಗುರು ಕೂದಲು ಒರಟಾಗುವುದು ಆರೈಕೆಗೆಟ್ಟು ಅಲ್ಲ. ನೆತ್ತಿಯ ಜಿಡ್ಡು ಸುರುಳಿಯ ತಿರುವುಗಳನ್ನು ದಾಟಿ ತುದಿಗೆ ಸುಲಭವಾಗಿ ಇಳಿಯುವುದಿಲ್ಲ, ಅಷ್ಟೇ. ದಿನವೂ ಶಾಂಪೂ, ಒಣಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ, ಟವೆಲಿನ ತಿಕ್ಕಾಟ ಅದನ್ನು ಇನ್ನಷ್ಟು ಕೆಡಿಸುತ್ತವೆ. ಕಂಡಿಷನರ್ ಹಚ್ಚಿ, ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲೆ ಹೋಗಬೇಕು. ಹಳೆಯ ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆಯಬೇಕು. ಸೂರತ್ತಿನ ಮಳೆಗಾಲದ ತೇವಕ್ಕೆ ಕೂದಲು ಉಬ್ಬಿದರೆ ತುಸು ಜೆಲ್ ಸಾಕು.

ನೇರಗೊಳಿಸುವ ಕೆಲವು ‘ಕೆರಾಟಿನ್’ ಲೇಪಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕ್ಯಾನ್ಸರ್ ತರಬಲ್ಲ ಅನಿಲ ಅದು. ಇಷ್ಟಾಗಿಯೂ ಬುಡದಿಂದ ಬರುವ ಹೊಸ ಕೂದಲು ಗುಂಗುರೇ. ಸಾವಿರಾರು ರೂಪಾಯಿ ಸುರಿದು ಕೂದಲನ್ನು ತಿದ್ದುವುದಕ್ಕಿಂತ, ಅದನ್ನು ದೋಷವೆಂದು ಕಾಣುವ ಕಣ್ಣನ್ನು ತಿದ್ದಿಕೊಳ್ಳುವುದು ಲೇಸು.